ಗುಡ್ಡ ಮಾರುವವನ ಸೈಕಲ್ ಸವಾರಿ

"ಆಗ್ಲಿಕ್ಕೇ ಇಲ್ಲ ಮಾರಾಯ, ನಿನ್ನಿಂದ ಅದು ಈ ಜನ್ಮದಲ್ಲಿ ಆಗ್ಲಿಕ್ಕಿಲ್ಲ" ಎಂದು ಮೊದಲು ಹೇಳಿದವರು ನನ್ನ ಭಾವ ಸದಾನಂದ. ಅಕ್ಕನ ಗಂಡ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ಹೇಳಿದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಅದರ ಖಾರ ಅರ್ಧ ಇಳಿದಿದೆ ಎಂದು ತಿಳಿದುಕೊಳ್ಳಿ. ನಾನು ಫ್ರಾನ್ಸಿಗೆ ಹೋಗಿ, ಕಾಡಿನೊಳಗೆ, ಗುಡ್ಡದ ಮೇಲೆ ಸೈಕಲ್ ಹೊಡೆಯುತ್ತೇನೆ ಎಂದದ್ದಕ್ಕೆ ಅವರು ಕೊಟ್ಟ ಆಶೀರ್ವಾದ ಅದು. ಪೂರ್ತಿ ತಪ್ಪು ಅಂತಲೂ ಹೇಳುವ ಹಾಗಿಲ್ಲ. ಗಲ್ಫ್ ರೋಡಿನ ಬದಿಯಲ್ಲಿ, ಸಮುದ್ರದ ಪಕ್ಕ, ಹಪ್ಪಳದ ಹಾಗೆ ಸಮತಟ್ಟಾದ ದಾರಿಯಲ್ಲಿ, ಎದುರಿಗೆ ಬಂದ ಮಗುವಿನ ತಳ್ಳುಗಾಡಿಯನ್ನು ತಪ್ಪಿಸಲು ಹೋಗಿ ನಾನು ಖರ್ಜೂರದ ಮರವನ್ನು ತಬ್ಬಿಕೊಂಡದ್ದನ್ನು ಅವರು ಕಣ್ಣಾರೆ ಕಂಡವರು.

ಇದೆಲ್ಲ ಇವತ್ತು ನೆನಪಾಗಲು ಕಾರಣ ಒಂದು ಚಡ್ಡಿ. ನಗಬೇಡಿ, ಸೈಕಲ್ ಚಡ್ಡಿ. ಕೂರುವ ಜಾಗದಲ್ಲಿ ಮೆತ್ತೆ ಇಟ್ಟು ಹೊಲಿದಿರುತ್ತಾರೆ. ಬೆಳಿಗ್ಗೆ ಅಕ್ಕ ಬಟ್ಟೆ ಒಗೆಯಲು ಕೂತಾಗ ಅದು ಯಾವುದೋ ಚೀಲದ ತಳದಿಂದ ಹೊರಗೆ ಬಂತು. ಈಗ ಸಾಲ್ಮಿಯಾದ ನಮ್ಮ ಫ್ಲಾಟಿನ ಹಿಂದಿನ ಬಾಲ್ಕನಿಯಲ್ಲಿ, ಅಕ್ಕನ ನೈಟಿಗೂ ಭಾವನ ಲುಂಗಿಗೂ ನಡುವೆ ನೇತಾಡುತ್ತಿದೆ. ಹಿಂದೆ ಮೊದಲ ಸಲ ಅದನ್ನು ಒಣಗಲು ಹಾಕಿದ ದಿನ, ಪಕ್ಕದ ಫ್ಲಾಟಿನ ಸಿಲ್ವಿಯಾ ಬಾಯಿ, ಮಂಗಳೂರಿನ ಕೊಂಕಣಿಯವರು, ಆಸ್ಪತ್ರೆಯಲ್ಲಿ ನರ್ಸು, ಅಕ್ಕನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ್ದರು: "ರೇವತಿ, ನಿನ್ನ ತಮ್ಮನಿಗೆ ಪೈಲ್ಸಿನ ಆಪರೇಶನ್ ಆಯ್ತಾ? ಮೊದಲೇ ಹೇಳ್ಬಾರ್ದಾ, ನಾನು ಡಾಕ್ಟರ ಹತ್ರ ಮಾತಾಡ್ತಿದ್ದೆ." ಅಕ್ಕನಿಗೆ ಮುಖ ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ. ಒಳಗೆ ಬಂದವಳೇ ನನ್ನ ಮೇಲೆ ಹರಿಹಾಯ್ದಳು. "ಚಡ್ಡಿಯ ಒಳಗೆ ತಲೆದಿಂಬು ಹೊಲಿಸಿಕೊಳ್ಳುವ ಗಂಡಸನ್ನು ನಾನು ಎಲ್ಲೂ ಕಂಡಿಲ್ಲ!"

ನನ್ನ ಕೆಲಸ ಮಿರ್ಕಾಬಿನ ಒಂದು ಟ್ರಾವೆಲ್ ಆಫೀಸಿನಲ್ಲಿ. ಟಿಕೆಟ್ ಕೌಂಟರಿನಲ್ಲಿ ಶುರು ಮಾಡಿ ಆಮೇಲೆ ಮೂಲೆಯ ಒಂದು ಮೇಜಿಗೆ ಬಂದೆ. ಇಲ್ಲಿಯ ಬೇಸಿಗೆ ತಾಳಲಾರದೆ ಓಡುವವರಿಗೆ ಯುರೋಪಿನ ರಜೆ ಮಾರುವ ಮೇಜು ಅದು. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಫ್ರಾನ್ಸಿನ ಹಳ್ಳಿ. ತೋಟದ ಮನೆಯಲ್ಲಿ ಉಳಿಯುವುದು, ಬೆಳಿಗ್ಗೆ ಎದ್ದು ದಪ್ಪ ಟಯರಿನ ಗೇರ್ ಸೈಕಲ್ ಹತ್ತಿ ಕಾಡು, ಗುಡ್ಡ, ಹಳ್ಳಿದಾರಿ ಸುತ್ತುವುದು. ಮೌಂಟನ್ ಬೈಕಿಂಗ್ ಎನ್ನುತ್ತಾರೆ. ನಾನು ಅದನ್ನು ಚೆನ್ನಾಗಿಯೇ ಮಾರುತ್ತಿದ್ದೆ. "ಜೆಂಟಲ್ ಸರ್, ವೆರಿ ಜೆಂಟಲ್. ಸಣ್ಣ ಸಣ್ಣ ಏರು, ಮತ್ತೆ ಇಳಿಜಾರಿನಲ್ಲಿ ತಂಪು ಗಾಳಿ" ಎಂದು ಮೇಜಿನ ಮೇಲೆ ಕೈಯಾಡಿಸಿ ಗುಡ್ಡ ಬರೆದು ತೋರಿಸುತ್ತಿದ್ದೆ. ಒಂದು ಗುಡ್ಡವನ್ನೂ ನಾನು ನೋಡಿರಲಿಲ್ಲ. ಕ್ಯಾಟಲಾಗಿನ ಚಿತ್ರ ನೋಡಿ, ಅದರ ಕೆಳಗೆ ಬರೆದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವುದು. ಬಿ.ಕಾಂ. ಓದಿದ್ದೂ ಸುಮಾರು ಹಾಗೆಯೇ.

ಬಿ.ಕಾಂ. ವಿಷಯ ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗುವುದಿಲ್ಲ. ನನ್ನನ್ನು ಬಲ್ಲವರಿಗೆ ಈ ಚಾಳಿ ಗೊತ್ತು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದರು, ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ನಾನು ಹಗಲು ಹೋಟೆಲಿನಲ್ಲಿ ಬಿಲ್ ಬರೆದು ಸಂಜೆ ಕಾಲೇಜಿಗೆ ಹೋದೆ. ಕಾಸ್ಟ್ ಅಕೌಂಟಿಂಗ್ ಎಂಬ ಪೇಪರು ನನ್ನನ್ನು ಎರಡು ಸಲ ಮಗುಚಿ ಹಾಕಿತು. ಮೂರನೆಯ ಸಲ ಅದಕ್ಕೇ ಬೇಸರ ಬಂದು ಬಿಟ್ಟುಕೊಟ್ಟಿತು. ರಿಸಲ್ಟ್ ಬಂದ ವಾರ ಅಪ್ಪ ಪೇಟೆಗೆ ಹೋಗಿ ತಗಡಿನ ಬೋರ್ಡೊಂದನ್ನು ಬರೆಸಿ ತಂದರು: 'ಲೋಕೇಶ, ಬಿ.ಕಾಂ.' ತೂಗುಹಾಕಲು ನಮಗೆ ಗೇಟ್ ಇರಲಿಲ್ಲ, ಕಾಂಪೌಂಡೂ ಇರಲಿಲ್ಲ. ಹಾಗಾಗಿ ದಾರಿಬದಿಯ ಹಲಸಿನ ಮರಕ್ಕೆ ಮೊಳೆ ಹೊಡೆದರು. ಆಮೇಲೆ ಊರವರು ದಾರಿ ಹೇಳುವ ಕ್ರಮವೇ ಬದಲಾಯಿತು. "ಬಿ.ಕಾಂ. ಮರದ ಹತ್ರ ಬಲಕ್ಕೆ ತಿರುಗಿ, ಮತ್ತೆ ಕೆಳಗೆ ಇಳೀರಿ." ಓದಿದ್ದು ನೀನು, ಡಿಗ್ರಿ ಸಿಕ್ಕಿದ್ದು ಮರಕ್ಕೆ ಎಂದು ಭಾವ ಹೇಳುವುದುಂಟು.

ಇರಲಿ. ಒಂದು ದಿನ ಒಬ್ಬ ಗಿರಾಕಿ, ವಯಸ್ಸಾದ ಕುವೈತಿ, ಫ್ರಾನ್ಸಿನ ರಜೆ ಮುಗಿಸಿ ಬಂದವರು ಸೀದಾ ನನ್ನ ಮೇಜಿನ ಮುಂದೆ ಕೂತರು. ಸಿಟ್ಟು ಮಾಡಲಿಲ್ಲ. ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿಕೊಳ್ಳುತ್ತಾ ಕೇಳಿದರು:

"ನೀನು ಆ ಗುಡ್ಡ ಹತ್ತಿದ್ದೀಯಾ?"

"ಇಲ್ಲ ಸರ್."

"ನನಗೂ ಹಾಗೇ ಅನ್ನಿಸಿತು" ಎಂದು ಎದ್ದು ಹೋದರು.

ಒಳಗಿನ ಕೋಣೆಯಲ್ಲಿದ್ದ ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಇದನ್ನು ಕೇಳಿಸಿಕೊಂಡಿದ್ದರು. ಆ ಹೊತ್ತಿಗೆ ಟಿಕೆಟ್ ಕೌಂಟರ್ ಮುಚ್ಚುವ ಮಾತು ನಡೆದಿತ್ತು. ಟಿಕೆಟನ್ನು ಜನ ಈಗ ಮೊಬೈಲಿನಲ್ಲೇ ಮಾಡಿಕೊಳ್ಳುತ್ತಾರೆ. ಉಳಿಯುವುದು ಮೂಲೆಯ ಮೇಜೊಂದೇ, ಅದಕ್ಕೂ ಒಬ್ಬನೇ ಸಾಕು. ಮುದೀರ್ ಕರೆದು ವಿಷಯ ಹೇಳಿದರು. ಆ ತೋಟದ ಮನೆಯವರು ಏಜೆಂಟರಿಗೆಂದೇ ಒಂದು ವಾರದ ಕೋರ್ಸ್ ನಡೆಸುತ್ತಾರಂತೆ. ದಿನಾ ಸೈಕಲ್ ಹೊಡೆಯಬೇಕು, ಕೊನೆಗೆ ಒಂದು ದಿನ ಉಳಿದವರನ್ನು ಕಾಡಿನ ದಾರಿಯಲ್ಲಿ ತಾನೇ ಕರೆದುಕೊಂಡು ಹೋಗಿ ತೋರಿಸಬೇಕು. ಹಾಗೆ ಮಾಡಿದವರಿಗೆ ಸರ್ಟಿಫಿಕೇಟ್. "ಅದನ್ನು ತಂದರೆ ಮೇಜು ನಿನ್ನದು, ಇಕಾಮಾ ರಿನ್ಯೂ ಮಾಡಿಸುತ್ತೇನೆ. ತಾರದಿದ್ದರೆ ಖಲಾಸ್."

ಇಕಾಮಾ ಇಲ್ಲವೆಂದರೆ ಇಲ್ಲಿ ಇರುವ ಹಾಗಿಲ್ಲ, ಊರಿನ ವಿಮಾನ ಹತ್ತುವುದೇ. ಹೆಂಡತಿ ಮತ್ತು ಮಗಳು ಊರಿನಲ್ಲಿದ್ದಾರೆ. ಮಗಳು ಆಗ ಪಿಯುಸಿ. ಮುಂದೆ ಅವಳು ಏನು ಓದುತ್ತಾಳೆ, ಎಲ್ಲಿ ಓದುತ್ತಾಳೆ ಎನ್ನುವುದೆಲ್ಲ ಆ ಮೂಲೆಯ ಮೇಜನ್ನು ನಂಬಿಕೊಂಡಿತ್ತು. ನಲವತ್ತು ದಾಟಿದ ಬಿ.ಕಾಂ.ನವನಿಗೆ ಕೆಲಸ ಕೊಡಲು ಊರಿನಲ್ಲಿ ಯಾರೂ ಕಾದು ನಿಂತಿರಲಿಲ್ಲ.

ಸರಿ, ಹೋಗುವುದೆಂದಾಯಿತು. ಆದರೆ ಅಭ್ಯಾಸಕ್ಕೆ ಕುವೈತಿನಲ್ಲಿ ಗುಡ್ಡ ಎಲ್ಲಿಂದ ತರುವುದು? ಸಿಕ್ಕಿದ್ದು ಆಫೀಸಿನ ಹಿಂದೆಯೇ: ಮಹಡಿ ಮಹಡಿಯಾಗಿ ಕಟ್ಟಿದ ಕಾರ್ ಪಾರ್ಕಿಂಗ್. ಶುಕ್ರವಾರ ಬೆಳಿಗ್ಗೆ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಕಾವಲಿಗಿದ್ದ ಬಾಂಗ್ಲಾದೇಶದ ಭಾಯಿಗೆ ಚಾ ಕೊಡಿಸಿ ಒಪ್ಪಿಸಿದೆ. ಸೆಕೆಂಡ್ ಹ್ಯಾಂಡ್ ಸೈಕಲನ್ನು ಭಾವನೇ ಶುವೈಖಿನಿಂದ ಹುಡುಕಿ ತಂದರು. ಆಗ್ಲಿಕ್ಕಿಲ್ಲ ಎಂದವರೇ ಸೈಕಲ್ ತಂದದ್ದು ಯಾಕೆಂದು ಕೇಳಿದರೆ, "ಬೀಳುವುದನ್ನು ನೋಡ್ಬೇಕಲ್ಲ" ಎಂದರು. ಮೇಲಿನ ಮಹಡಿಯಲ್ಲಿ ಪೇಂಟಿನ ಖಾಲಿ ಡಬ್ಬವೊಂದನ್ನು ಮಗುಚಿ, ಅದರ ಮೇಲೆ ಕೂತು, ಚಾದ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ಬರುವಾಗ ವಿಚಾರಣೆ ಶುರು.

"ಇವತ್ತು ಯಾವ ಪರ್ವತ?"

"ಮೂರನೇ ಮಹಡಿ, ಭಾವ."

"ಆಕ್ಸಿಜನ್ ಸಾಕಾಗ್ತದಾ?"

ಕೆಳಗಿನಿಂದ ಕಾವಲಿನವನ ಪ್ರೋತ್ಸಾಹ: "ಚಲೋ ಭಾಯಿ, ಔರ್ ಏಕ್ ಫ್ಲೋರ್!"

"ನೋಡು ಲೋಕು, ಇಲ್ಲಿ ಸೋತ್ರೆ ಲಿಫ್ಟ್ ಉಂಟು" ಎನ್ನುತ್ತಿದ್ದರು ಭಾವ. "ಫ್ರಾನ್ಸಿನ ಕಾಡಲ್ಲಿ ಲಿಫ್ಟ್ ಉಂಟಾ ಅಂತ ಆ ಮುದೀರನ ಹತ್ರ ಕೇಳಿದ್ದೀಯಾ?"

ಇನ್ನೊಂದು ತೊಂದರೆ ನನಗಾಗಲೀ ಅವರಿಗಾಗಲೀ ಆಗ ಹೊಳೆಯಲಿಲ್ಲ. ಪಾರ್ಕಿಂಗಿನ ಏರುದಾರಿ ಮೇಲಿನವರೆಗೂ ಬಲಕ್ಕೇ ತಿರುಗುತ್ತದೆ. ಇಳಿಯಲು ನಾನು ಲಿಫ್ಟ್ ಹಿಡಿಯುತ್ತಿದ್ದೆ. ಹೀಗೆ ಬಲಕ್ಕೆ ಮಾತ್ರ ತಿರುಗಲು ಕಲಿತ ಸೈಕಲ್ ಸವಾರನೊಬ್ಬ ತಯಾರಾದ. ಫ್ರಾನ್ಸಿನಲ್ಲಿ ಮೊದಲ ಎಡ ತಿರುವು ಬಂದಾಗ ನಾನು ನೇರವಾಗಿ ಜರಿಗಿಡಗಳ ಪೊದೆಯೊಳಗೆ ಹೋದೆ. ಮೆತ್ತಗಿತ್ತು, ಬೇಸರವೇನಿಲ್ಲ.

ಅಲ್ಲಿಗೆ ಹೋದದ್ದು ಸೆಪ್ಟೆಂಬರಿನಲ್ಲಿ. ದೇಶದ ನಡುಭಾಗದ ಗುಡ್ಡಗಾಡು. ತೋಟದ ಮನೆಯ ಯಜಮಾನ್ತಿ ಮದಾಂ ಸಿಮೋನ್, ಅರವತ್ತು ದಾಟಿದವರು, ಕುಳ್ಳಗೆ, ಬೆಳ್ಳಗೆ, ಕಾಲಿನ ಮೀನಖಂಡ ಮಾತ್ರ ಒನಕೆಯ ಹಾಗೆ. ಅವರೇ ಗೈಡ್, ಅವರೇ ಅಡುಗೆ, ಅವರೇ ಪರೀಕ್ಷಕರು. ಅವರ ಇಂಗ್ಲಿಷ್ ಕೂಡ ನನ್ನ ಹಾಗೆಯೇ, ಬೇಕಾದಷ್ಟು ಮಾತ್ರ. ದುಬೈಯಿಂದ ಕರೀಂ ಎಂಬ ಈಜಿಪ್ಟಿನವನು ಬಂದಿದ್ದ, ದೋಹಾದಿಂದ ಮಾರಿಸೆಲ್ ಎಂಬ ಫಿಲಿಪ್ಪೀನ್ಸಿನ ಹುಡುಗಿ. ಮೂವರೂ ಗುಡ್ಡ ಮಾರುವವರೇ, ಮೂವರೂ ಗುಡ್ಡ ಕಾಣದವರೇ.

ಮೊದಲ ಬೆಳಿಗ್ಗೆ ನಾವು ಮೂವರೂ ಸಿಮೋನರ ಎದುರು ಸಾಲಾಗಿ ನಿಂತಾಗ ಆಕೆ ಒಂದು ಸುತ್ತು ಬಂದು ನಮ್ಮ ಬೆನ್ನು ನೋಡಿದರು. ಬೆನ್ನಚೀಲದ ತುಂಬ ನೀರು. ಗಲ್ಫಿನಲ್ಲಿ ಬಾಳಿದವರಿಗೆ ನೀರಿಲ್ಲದೆ ಹೊರಗೆ ಕಾಲಿಡಲು ಹೆದರಿಕೆ. ಕೊಳ್ಳಿ ಹಿಡಿದ ಹಾಗಿರುವ ಮಧ್ಯಾಹ್ನಗಳನ್ನು ಕಂಡ ಮೈ ಅದು. ನಾನು ದೊಡ್ಡ ಬಾಟಲಿಗಳನ್ನೇ ತುಂಬಿದ್ದೆ, ಜೊತೆಗೆ ಉಪ್ಪು ಸಕ್ಕರೆಯ ಪೊಟ್ಟಣ, ತಲೆಗೆ ಸುತ್ತಲು ಬಟ್ಟೆ, ಧೂಳಿನ ಗಾಳಿ ಬಂದರೆ ಇರಲಿ ಎಂದು ಕನ್ನಡಕ. ಹೊರಗೆ ಜಿಟಿಜಿಟಿ ಮಳೆ. ಸಿಮೋನ್ ನನ್ನ ಚೀಲ ಎತ್ತಿ ನೋಡಿ, ಅಂಗಳದ ಮೂಲೆಯಲ್ಲಿ ಒಂದೇ ಸಮನೆ ಸುರಿಯುತ್ತಿದ್ದ ಕಲ್ಲಿನ ನೀರತೊಟ್ಟಿಯನ್ನು ಕೈಮಾಡಿ ತೋರಿಸಿದರು. "ಪ್ರತಿ ಹಳ್ಳಿಯಲ್ಲೂ ಇದೆ." ನಾನು ಒಂದು ಬಾಟಲಿ ಕೆಳಗಿಟ್ಟೆ. ಉಳಿದದ್ದನ್ನು ಇಡಲು ಮನಸ್ಸು ಬರಲಿಲ್ಲ. ಗುಡ್ಡದ ಅರ್ಧಕ್ಕೆ ಬಂದ ಮೇಲೆ ಒಳ್ಳೆಯ ಕುಡಿಯುವ ನೀರನ್ನು ಹುಲ್ಲಿಗೆ ಸುರಿದೆ. ಸುರಿಯುವಾಗ ಯಾರಾದರೂ ಕುವೈತಿನವರು ನೋಡುತ್ತಾರೋ ಎಂದು ಆಚೀಚೆ ನೋಡಿದ್ದೂ ನಿಜ.

'ಜೆಂಟಲ್' ಎಂದು ನಾನು ಮಾರುತ್ತಿದ್ದ ಏರು ಹೇಗಿತ್ತು ಎಂದರೆ, ಸೈಕಲಿನ ಮುಂದಿನ ಚಕ್ರ ಮೇಲೇಳುತ್ತಿತ್ತು. ಬೇರುಗಳು ದಾರಿಗೆ ಅಡ್ಡ, ಅವುಗಳ ಮೇಲೆ ಒದ್ದೆ ಎಲೆ. ನೆಟ್ಟಗೆ ಬೆಳೆದ ಬೂದು ಕಾಂಡದ ಮರಗಳು, ಒಳಗೆಲ್ಲ ಹಸಿರು ಮಬ್ಬು. ಕಾಡು ಮುಗಿದ ತಕ್ಷಣ ಹುಲ್ಲುಗಾವಲು, ಬೇಲಿ, ಕುತ್ತಿಗೆಯ ಗಂಟೆ ಅಲ್ಲಾಡಿಸುತ್ತಾ ನಮ್ಮನ್ನೇ ನೋಡುವ ದನಗಳು. ಚೆಂದ ಅಂತ ಆಗಲೇ ಅನ್ನಿಸಿತು ಎಂದರೆ ಸುಳ್ಳಾಗುತ್ತದೆ. ಆಗ ನೆನಪಾದದ್ದು ಆ ಮುದುಕ ಕುವೈತಿಯ ಮೊಣಕಾಲಿನ ಕಥೆ ಅಷ್ಟೆ.

ವಾರ ಕಳೆಯುತ್ತಾ ಬಂತು. ಎಡಕ್ಕೂ ತಿರುಗಲು ಬಂತು. ಪರೀಕ್ಷೆಯ ದಾರಿಯಲ್ಲಿ ಸಿಮೋನ್ ನಮ್ಮನ್ನು ಎರಡು ಸಲ ಕರೆದುಕೊಂಡು ಹೋಗಿ ತೋರಿಸಿದ್ದರು. ನಕ್ಷೆ ಕೊಡುವುದಿಲ್ಲ, ಮೊಬೈಲ್ ಅಡುಗೆಮನೆಯ ಬುಟ್ಟಿಯಲ್ಲಿ ಹಾಕಿ ಹೋಗಬೇಕು. ಅದು ಅವರ ನಿಯಮ. ನನಗೆ ಹೆದರಿಕೆ ಆಗಲಿಲ್ಲ. ದಾರಿ ಗುರುತಿಟ್ಟುಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು? ಊರಿನಲ್ಲಿ ಬಿ.ಕಾಂ. ಮರ. ಕುವೈತಿನಲ್ಲೂ ಹಾಗೆಯೇ: ಪಾರ್ಸೆಲ್ ತರುವವನಿಗೆ ಬ್ಲಾಕು, ಬೀದಿ ಎಂದೆಲ್ಲ ಯಾರು ಹೇಳುತ್ತಾರೆ? "ಮಸೀದಿಯ ಹಿಂದೆ ಬಾ, ಕೆಳಗೆ ಕ್ಷೌರದಂಗಡಿ ಇರುವ ಬಿಲ್ಡಿಂಗು, ಎದುರು ಬಿಳಿ ಪಿಕಪ್ ನಿಂತಿರ್ತದೆ." ಅವನು ಬರುತ್ತಾನೆ. ಆ ಪಿಕಪ್ಪಿನ ಟಯರು ಮರಳಿನಲ್ಲಿ ಹೂತು ಯಾವ ಕಾಲವಾಯಿತೋ.

ಹಾಗೆಯೇ ನಾನು ಕಾಡಿನ ದಾರಿಯನ್ನೂ ತಲೆಯಲ್ಲಿ ಬರೆದುಕೊಂಡೆ. ಕಬ್ಬಿಣದ ಗೇಟಿನ ಹತ್ತಿರ ಮೇಲಕ್ಕೆ. ಗುಡ್ಡದ ತಲೆಯಲ್ಲಿ, ಕಡಿದು ಪೇರಿಸಿದ ಮರದ ದಿಮ್ಮಿಗಳ ದೊಡ್ಡ ರಾಶಿ ಬಂದಾಗ ಎಡಕ್ಕೆ ಸಣ್ಣ ದಾರಿ. ದನವನ್ನು ಗುರುತಿಗೆ ಇಟ್ಟುಕೊಳ್ಳಲಿಲ್ಲ. ದನ ನಡೆಯುತ್ತದೆ ಎಂಬಷ್ಟು ಬುದ್ಧಿ ನನಗಿತ್ತು.

ದಿಮ್ಮಿಗಳೂ ನಡೆಯುತ್ತವೆ ಎಂದು ಗೊತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಸಂಜೆ ಮನೆಯ ಮುಂದಿನ ರಸ್ತೆಯಲ್ಲಿ ಮರ ತುಂಬಿದ ಲಾರಿ ಹೋಯಿತು. ಡ್ರೈವರ್ ಕೈಬೀಸಿದ, ನಾನೂ ಬೀಸಿದೆ. ನನ್ನ ಗುರುತುಕಲ್ಲು ಹೋಗುತ್ತಿದೆ ಎಂದು ಹೊಳೆಯಲೇ ಇಲ್ಲ.

ಮರುದಿನ ನಾನು ಮುಂದೆ, ಕರೀಂ ಮತ್ತು ಮಾರಿಸೆಲ್ ಹಿಂದೆ. ದಾರಿ ಮುಗಿಯುವ ಹಳ್ಳಿಯ ನೀರತೊಟ್ಟಿಯ ಹತ್ತಿರ ಸಿಮೋನ್ ಊಟ ಕಟ್ಟಿಕೊಂಡು ಕಾಯುತ್ತಿರುತ್ತಾರೆ. ಏರು ಹತ್ತಿದೆವು. ದಿಮ್ಮಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ನೋಡುತ್ತಾ ಹೋದೆ. ಅಷ್ಟರಲ್ಲಿ ಇಳಿಜಾರು ಶುರುವಾಯಿತು. ಇಳಿಜಾರು ಬಂದ ಮೇಲೆ ನಿಲ್ಲಿಸುವವರು ಯಾರು? ಎಲೆಗಳ ಮೇಲೆ ಚಕ್ರದ ಸರಸರ ಸದ್ದು, ಮುಖಕ್ಕೆ ಗಾಳಿ. ಕ್ಯಾಟಲಾಗಿನಲ್ಲಿ ಬರೆದದ್ದು ಇದೇ ಎಂದುಕೊಂಡೆ. ಬಹಳ ಕೆಳಗೆ ಒಂದು ದನದ ಕೊಟ್ಟಿಗೆಯ ಅಂಗಳದಲ್ಲಿ ದಾರಿ ನಿಂತಿತು. ಹಳದಿ ನಾಯಿಯೊಂದು ಬೊಗಳುತ್ತಾ ಬಂತು.

ಮಾರಿಸೆಲ್ ಸೈಕಲಿನಿಂದ ಇಳಿದು, ನಾವು ಬಂದ ಗುಡ್ಡವನ್ನು ತಲೆಯೆತ್ತಿ ನೋಡಿದಳು. "ಸರ್ ಲೋಕೇಶ್, ಇದು ಜೆಂಟಲ್ಲಾ?"

ಕರೀಂ ನನ್ನನ್ನು ಬದಿಗೆ ಕರೆದ. "ಹಬೀಬಿ, ಹೆದರಬೇಡ. ನನ್ನ ಹತ್ತಿರ ಇನ್ನೊಂದು ಫೋನ್ ಉಂಟು." ಕಾಲುಚೀಲದೊಳಗಿಂದ ತೆಗೆದ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಬರೆದವನಲ್ಲ ನಾನು, ಬೇಡ ಎಂದೆ ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಆದರೆ ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಸಿಗ್ನಲ್ ಇರಲಿಲ್ಲ. ನನ್ನ ಪ್ರಾಮಾಣಿಕತೆಯನ್ನು ಆವತ್ತು ಉಳಿಸಿದ್ದು ಆ ಕಣಿವೆ.

ಬಂದ ಗುಡ್ಡವನ್ನೇ ಮತ್ತೆ ಹತ್ತಬೇಕಾಯಿತು, ಸೈಕಲ್ ತಳ್ಳಿಕೊಂಡು. ಮಾರಿಸೆಲ್ ಉಗುರು ಕಚ್ಚುತ್ತಿದ್ದಳು. ಅವಳ ಸರದಿ ಮಧ್ಯಾಹ್ನಕ್ಕಿತ್ತು, ಕರೀಮನದು ಮರುದಿನ. ನನಗೆ ಕಣ್ಣೆದುರು ಮೂಲೆಯ ಮೇಜು, ಮಗಳ ಮುಖ. ಮೇಲೆ ಬಂದ ಮೇಲೆ ನಾನು ತಲೆಯೆತ್ತಿ ನೋಡುವುದನ್ನು ಬಿಟ್ಟು ನೆಲ ನೋಡುತ್ತಾ ನಡೆದೆ. ಅಷ್ಟು ದೊಡ್ಡ ರಾಶಿ ಏನೂ ಬಿಡದೆ ಹೋಗಿರಲಾರದು. ಒಂದು ಕಡೆ ಹುಲ್ಲು ಉದ್ದಕ್ಕೆ ಎರಡು ಸಾಲು ಹಳದಿಯಾಗಿ ಅಪ್ಪಚ್ಚಿಯಾಗಿತ್ತು, ಸುತ್ತ ತೊಗಟೆಯ ಚೂರು, ಮರದ ಹುಡಿ, ಲಾರಿಯ ಚಕ್ರ ಹೂತ ಗುಂಡಿ. ಅದರ ಪಕ್ಕದಲ್ಲೇ ಎಡಕ್ಕೆ ನಮ್ಮ ಸಣ್ಣ ದಾರಿ, ಏನೂ ಆಗದವರ ಹಾಗೆ.

"ಯಲ್ಲಾ, ಹೊರಡಿ!" ಎಂದು ಕರೀಂ ಕಾಡು ಮೊಳಗುವಂತೆ ಕೂಗಿದ.

ಸಿಮೋನ್ ನೀರತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಸೂಪು ತಣ್ಣಗಾಗಿತ್ತು.

"ಎಲ್ಲಿಗೆ ಹೋಗಿದ್ದಿರಿ?"

"ಹಳದಿ ನಾಯಿ ಇರುವ ಮನೆಗೆ" ಎಂದೆ.

"ಅಲ್ಲಿಗೆ ಯಾರೂ ಹೋಗುವುದಿಲ್ಲ."

"ನಾವು ಹೋದೆವು."

ಆಕೆ ನಗಲಿಲ್ಲ. ದಾರಿ ತಪ್ಪಿದ್ದು ಹೇಗೆಂದು ಕೇಳಿದರು, ದಿಮ್ಮಿಯ ಕಥೆ ಹೇಳಿದೆ. ಕೇಳಿ, ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟರು. "ತಿನ್ನು. ಆಮೇಲೆ ಇದೇ ದಾರಿ ಇನ್ನೊಮ್ಮೆ. ನೀನು ಮುಂದೆ, ನಾನು ಹಿಂದೆ."

ಸಪ್ಲಿಮೆಂಟರಿ! ನನಗೆ ನಗು ಬಂತು. ಫೇಲ್ ಆದವನಿಗೆ ಮತ್ತೊಮ್ಮೆ ಕೂರಲು ಬಿಡುತ್ತಾರೆ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುಗಳು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ.

ಮಾರಿಸೆಲ್ ತನ್ನ ದಾರಿ ಮುಗಿಸಿದ ಮೇಲೆ ಸಿಮೋನ್ ಮತ್ತು ನಾನು ಹೊರಟೆವು. ಹಿಂದಿನಿಂದ ಅವರ ಚೈನಿನ ಸದ್ದು ಮಾತ್ರ. ಏರಿನಲ್ಲಿ ನನಗೆ ತಿರುಗಿ ನೋಡಬೇಕೆನಿಸಿತು, ಹಾಲ್ ಟಿಕೆಟ್ ಪರೀಕ್ಷಿಸಲು ಬಂದವರನ್ನು ನೋಡಬೇಕೆನಿಸುವ ಹಾಗೆ. ನೋಡಲಿಲ್ಲ. ಈ ಸಲ ದಾರಿಯಲ್ಲಿ ಎದ್ದು ಹೋಗದ ವಸ್ತುಗಳನ್ನು ಹುಡುಕಿದೆ: ಭೂಮಿ ಎತ್ತ ಇಳಿಯುತ್ತದೆ, ತೊರೆಯ ಸದ್ದು ಯಾವ ಕಿವಿಗೆ ಕೇಳುತ್ತದೆ. ಗುಡ್ಡದ ತಲೆಯಲ್ಲಿ ನಿಲ್ಲಿಸದೆ ಎಡಕ್ಕೆ ತಿರುಗಿಸಿದೆ. ಸಂಜೆಯ ಬಿಸಿಲು ಮರಗಳ ನಡುವೆ ಓರೆಯಾಗಿ ಬಿದ್ದಿತ್ತು. ಚೆಂದ ಅನ್ನಿಸಿದ್ದು ಆಗ.

ಹಳ್ಳಿಗೆ ಸ್ವಲ್ಪ ಮೊದಲು ತೊರೆ ದಾಟುವಲ್ಲಿ ನನ್ನ ಚಕ್ರ ಕೆಸರಿನಲ್ಲಿ ಹೂತಿತು. ಇಬ್ಬರೂ ಎಳೆದೆವು. ಮೇಲೆ ಬಂದ ಮೇಲೆ ಆಕೆ ಕೈಯನ್ನು ಪ್ಯಾಂಟಿಗೆ ಒಮ್ಮೆ ಉಜ್ಜಿ, ಬೆನ್ನಚೀಲ ಬಿಚ್ಚಿ, ರಟ್ಟಿನ ನಡುವೆ ಇಟ್ಟಿದ್ದ ಸರ್ಟಿಫಿಕೇಟ್ ತೆಗೆದು ಅಲ್ಲೇ ಕೊಟ್ಟರು. ಮನೆಗೆ ಹೋಗಿ ಕೈ ತೊಳೆದು ಕೊಡುವಷ್ಟು ತಾಳ್ಮೆ ಆಕೆಯದಲ್ಲ. ಭಾಷಣವಿಲ್ಲ, ಫೋಟೋ ಇಲ್ಲ. "ಬ್ರೇಕ್ ಸ್ವಲ್ಪ ಕಡಿಮೆ ಹಿಡಿ" ಎಂದದ್ದು ಬಿಟ್ಟರೆ ಮಾತೂ ಇಲ್ಲ.

ಕುವೈತಿಗೆ ಬಂದು ಮುದೀರರಿಗೆ ಕೊಟ್ಟೆ. ಅವರು ಒಂದು ಕಾಪಿ ತೆಗೆಸಿಕೊಂಡು, "ಮಬ್ರೂಕ್, ಕಂಗ್ರಾಟ್ಸ್. ಯಲ್ಲಾ, ಹೋಗಿ ಕೂತ್ಕೋ" ಎಂದು ಮೂಲೆಯ ಮೇಜು ತೋರಿಸಿದರು. ಇಕಾಮಾದ ಕಾಗದ ಆ ವಾರವೇ ಹೋಯಿತು. ಊರಿಗೆ ಫೋನ್ ಮಾಡಿ ಮಗಳಿಗೆ ಹೇಳುವಾಗ ಒಂದೇ ಮಾತನ್ನು ಮೂರು ಸಲ ಹೇಳಿದೆ; ಅವಳು ಲೈನ್ ಸರಿ ಇಲ್ಲ ಅಂದುಕೊಂಡಳು.

ಸಂಜೆ ಮನೆಗೆ ಬಂದು ಸರ್ಟಿಫಿಕೇಟನ್ನು ಭಾವನ ಕೈಗೆ ಕೊಟ್ಟೆ. ಭಾವ ಟಿ.ವಿ. ಸದ್ದು ತಗ್ಗಿಸಿ, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದ ಹಾಗೆ ನೋಡಿದರು. ಎಲ್ಲ ಫ್ರೆಂಚು. ನನ್ನ ಹೆಸರೊಂದು ಗೊತ್ತಾಗಿರಬೇಕು, ಅದರ ಮೇಲೆ ಬೆರಳಾಡಿಸಿದರು. ಮೂಲೆಯಲ್ಲಿ ಸಿಮೋನರ ಹೆಬ್ಬೆರಳಿನ ಕೆಸರು, ಒಣಗಿ ಕಂದಾಗಿ, ಗೆರೆಗೆರೆಯಾಗಿ ಅಂಟಿಕೊಂಡಿತ್ತು.

"ಅಯ್ಯೋ, ಇಷ್ಟು ಒಳ್ಳೆಯ ಕಾಗದಕ್ಕೆ ಕೆಸರು ಮಾಡಿದ್ದಾನೆ, ನೋಡಿ" ಎಂದು ಅಕ್ಕ ಬೈರಾಸಿನ ತುದಿ ಒದ್ದೆ ಮಾಡಿಕೊಂಡು ಬಂದಳು.

ಭಾವ ಕಾಗದವನ್ನು ಅವಳಿಗೆ ಎಟುಕದಂತೆ ತಲೆಯ ಮೇಲೆ ಎತ್ತಿ ಹಿಡಿದರು.

"ಮುಟ್ಬೇಡ ಮಾರಾಯ್ತಿ! ಅದೊಂದು ಹೋದ್ರೆ ಇವ ಗುಡ್ಡ ಹತ್ತಿದ್ದು ಅಂತ ನಾನು ಶುವೈಖಿನಲ್ಲಿ ಯಾರನ್ನು ನಂಬಿಸ್ಲಿ?"